ಹ್ವೇ ನಗರದಲ್ಲಿ ಮೂರು ದಿನ, ಅದರಲ್ಲೊಂದು ಅರ್ಧ ದಿನ

ಮೊದಲ ದಿನ

ವಿಯೆಟ್ನಾಮಿನ ಹಳೆಯ ರಾಜಧಾನಿ ಹ್ವೇಯನ್ನು ನೋಡಬೇಕೆಂಬ ಆಸೆ ನನ್ನದಾದರೂ ಅದನ್ನು ಹೇಗೆ ನೋಡಬೇಕೆಂದು ನಿರ್ಧರಿಸಿದ್ದು ಅಪ್ಪನ ಮೊಣಕಾಲು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಅಪ್ಪನಿಗೆ ಈಗ ಎಪ್ಪತ್ತೊಂದು. ನಡೆಯಬಲ್ಲರು, ಆದರೆ ಪುಟ್ಟ ಬಾವುಟ ಹಿಡಿದು ಮುಂದೆ ಓಡುವ ಮಾರ್ಗದರ್ಶಿಯ ಹಿಂದೆ ಇಪ್ಪತ್ತು ಜನರ ಜೊತೆ ಓಡಲಾರರು. ಹಾಗಾಗಿ ಎರಡನೆಯ ದಿನದ ಬೆಳಗ್ಗೆಗೆ ನಮ್ಮಿಬ್ಬರಿಗೇ ಒಂದು ಕಾರು, ಒಬ್ಬ ಮಾರ್ಗದರ್ಶಿ, ಕೊನೆಗೊಂದು ದೋಣಿ, ಹೀಗೆ ಅರ್ಧ ದಿನದ ಖಾಸಗಿ ಪ್ರವಾಸವೊಂದನ್ನು ಗೊತ್ತು ಮಾಡಿ, ಅದರ ಹಿಂದೆ ಮುಂದೆ ಒಂದೊಂದು ದಿನವನ್ನು ನಮಗಾಗಿ ಇಟ್ಟುಕೊಂಡೆವು.

ಡಾ ನಾಂಗಿನಿಂದ ಹ್ವೇಗೆ ನೂರು ಕಿಲೋಮೀಟರಿನಷ್ಟು ದೂರ. ಸುರಂಗದ ರಸ್ತೆಯಲ್ಲಿ ಕಾರು ಬೇಗನೆ ಮುಟ್ಟಿಸುತ್ತದೆ, ರೈಲು ಮೂರು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ನಾವು ರೈಲನ್ನೇ ಆರಿಸಿಕೊಂಡೆವು, ಏಕೆಂದರೆ ಹಳಿಯು ಹಾಯ್ ವಾನ್ ಘಟ್ಟವನ್ನು ಸಮುದ್ರದ ಮಗ್ಗುಲಿನಿಂದ ಬಳಸಿಕೊಂಡು ಹೋಗುತ್ತದೆ. ಉತ್ತರಕ್ಕೆ ಹೋಗುವವರು ಬಲಗಡೆಯ ಕಿಟಕಿಯನ್ನು ಹಿಡಿಯಬೇಕು. ಎಡಗಡೆ ಕುಳಿತವರಿಗೆ ಕಾಡು ಮತ್ತು ಬಂಡೆ ಮಾತ್ರ ಸಿಗುತ್ತವೆ. ಸುರಂಗದಿಂದ ಸುರಂಗಕ್ಕೆ ನುಗ್ಗುತ್ತಿದ್ದ ರೈಲಿನ ಕಿಟಕಿಯ ಕೆಳಗೆ ನೊರೆಯುಕ್ಕುವ ಕಡಲು ಕಂಡು ಮರೆಯಾಗುತ್ತಿದ್ದಾಗ ಅಪ್ಪ, ‘ಸಕಲೇಶಪುರದ ಘಟ್ಟದ ಹಳಿಯ ಪಕ್ಕಕ್ಕೆ ಮಂಗಳೂರಿನ ಸಮುದ್ರವನ್ನು ಎತ್ತಿ ತಂದಿಟ್ಟ ಹಾಗಿದೆ’ ಎಂದರು.

ನಾವು ಇಳಿದ ದಿನ 2025ರ ಫೆಬ್ರವರಿ 12. ನಮ್ಮಲ್ಲಿ ಅದು ಮಾಘ ಹುಣ್ಣಿಮೆ. ಅವರ ಚಾಂದ್ರ ಪಂಚಾಂಗದಲ್ಲಿ ಹೊಸ ವರ್ಷದ ಮೊದಲ ಹುಣ್ಣಿಮೆ. ಅಂಗಡಿಗಳ ಮುಂದಿನ ಪಾದಚಾರಿ ದಾರಿಯಲ್ಲೇ ಸಣ್ಣ ಮೇಜುಗಳನ್ನಿಟ್ಟು, ಅವುಗಳ ಮೇಲೆ ಹೂವು, ಹಣ್ಣು, ಅನ್ನ ಜೋಡಿಸಿ ಊದುಬತ್ತಿ ಹಚ್ಚಿದ್ದರು. ಹ್ವೇ ಬೌದ್ಧರ ಊರು. ಚಾಂದ್ರಮಾಸದ ಮೊದಲ ಮತ್ತು ಹದಿನೈದನೆಯ ದಿನಗಳಲ್ಲಿ ಮಾಂಸ ಮೀನು ಬಿಡುವವರು ಇಲ್ಲಿ ಬಹಳ, ಆದ್ದರಿಂದ ಸಸ್ಯಾಹಾರಿಗಳಾದ ನಮ್ಮ ಅದೃಷ್ಟವೂ ಅಂದು ಹುಣ್ಣಿಮೆಯಾಗಿತ್ತು. ಕಲಿಯಬೇಕಾದ ಒಂದೇ ಪದ ‘ಚಾಯ್’. ಚಹಾ ಎಂದು ತಿಳಿದು ಅಪ್ಪ ಖುಷಿಪಟ್ಟರು. ಆದರೆ ಅಲ್ಲಿ ಚಾಯ್ ಎಂದರೆ ಸಸ್ಯಾಹಾರ. ಆ ಫಲಕವಿಲ್ಲದ ಹೋಟೆಲಿನಲ್ಲಿ ಬರೀ ‘ತರಕಾರಿ’ ಎಂದು ಕೇಳಿದರೆ ತರಕಾರಿಯೇ ಬರುತ್ತದೆ, ಆದರೆ ಮೀನನ್ನು ಉಪ್ಪಿನಲ್ಲಿ ಹುದುಗಿಸಿ ಇಳಿಸಿದ ರಸದಲ್ಲಿ ಮಿಂದು ಬರುತ್ತದೆ.

ನಮಗೆ ಸಿಕ್ಕಿದ್ದು ಬಾಞ್ ಬೆಯೋ. ಅಂಗೈಗಿಂತ ಚಿಕ್ಕದಾದ ಪಿಂಗಾಣಿ ಬಟ್ಟಲುಗಳಿಗೆ ಅಕ್ಕಿಹಿಟ್ಟಿನ ಸಂಪಣವನ್ನು ತೆಳ್ಳಗೆ ಹೊಯ್ದು ಹಬೆಯಲ್ಲಿ ಬೇಯಿಸಿ, ಬಟ್ಟಲು ಸಮೇತ ಹತ್ತು ಹನ್ನೆರಡನ್ನು ತಟ್ಟೆಯಲ್ಲಿ ಜೋಡಿಸಿ ತಂದಿಡುತ್ತಾರೆ. ಮಾಮೂಲಿಯಾಗಿ ಮೇಲೆ ಒಣ ಸೀಗಡಿಯ ಪುಡಿ ಉದುರಿಸುತ್ತಾರೆ. ಚಾಯ್ ಅಂಗಡಿಯಲ್ಲಿ ಅದರ ಬದಲು ಹುರಿದ ಈರುಳ್ಳಿ ಮತ್ತು ಬೇಳೆ ಇತ್ತು. ತಟ್ಟೆ ಇಡ್ಲಿಯ ಮರಿಮೊಮ್ಮಗಳಂತಿದ್ದ ಅವುಗಳನ್ನು ಚಮಚದ ಅಂಚಿನಿಂದ ಎಬ್ಬಿಸಿ ತಿನ್ನುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು.

ಸಂಜೆ ಚಾಂಗ್ ತಿಯೆನ್ ಸೇತುವೆಯ ಮೇಲೆ ನಿಂತೆವು. ಆರು ಅಂಕಣಗಳ, ಸುಮಾರು 400 ಮೀಟರ್ ಉದ್ದದ ಈ ಉಕ್ಕಿನ ಸೇತುವೆಯನ್ನು ಫ್ರೆಂಚರ ಕಾಲದಲ್ಲಿ, 1897ರಿಂದ 1899ರ ನಡುವೆ ಕಟ್ಟಿದರು. ಗುಸ್ತಾವ್ ಐಫೆಲ್ ಕಟ್ಟಿಸಿದ್ದೆಂದು ಹೋಟೆಲಿನವರೂ ಸೈಕಲ್ ರಿಕ್ಷಾದವರೂ ಹೇಳುತ್ತಾರಾದರೂ ಕೆಲಸ ಮಾಡಿದ್ದು ಬೇರೆ ಫ್ರೆಂಚ್ ಸಂಸ್ಥೆಗಳು. 1904ರ ಚಂಡಮಾರುತ ಇದರ ಅಂಕಣಗಳನ್ನು ನದಿಗೆ ಕೆಡವಿತು, 1946ರಲ್ಲಿಯೂ 1968ರಲ್ಲಿಯೂ ಯುದ್ಧ ಇದನ್ನು ಮುರಿಯಿತು. ಪ್ರತಿ ಸಲವೂ ಜೋಡಿಸಿ ನಿಲ್ಲಿಸಿದ್ದಾರೆ. ರಿವೆಟ್ಟುಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಾ ಅಪ್ಪ, ‘ಹಾಗಾದರೆ ಇದು ಹಳೆಯದೋ ಹೊಸದೋ?’ ಎಂದು ಕೇಳಿದರು. ಮುಂದಿನ ಎರಡು ದಿನ ಅವರು ಎಲ್ಲದರ ಮುಂದೆಯೂ ಕೇಳಿದ್ದು ಇದೇ ಪ್ರಶ್ನೆ.

ಎರಡನೆಯ ದಿನ

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಾರು ಬಂತು. ಮಾರ್ಗದರ್ಶಿಯಾಗಿ ಬಂದ ಮೂವತ್ತರ ಆಸುಪಾಸಿನ ಹೆಣ್ಣುಮಗಳು ಅಪ್ಪನನ್ನು ನೋಡಿದ ತಕ್ಷಣ ‘ಬಾಕ್’ ಎಂದು ಕರೆದಳು. ಬಾಕ್ ಎಂದರೆ ದೊಡ್ಡಪ್ಪ. ಹೆತ್ತವರಿಗಿಂತ ಹಿರಿಯರನ್ನು ಒಂದು ಪದದಿಂದಲೂ ಕಿರಿಯರನ್ನು ಇನ್ನೊಂದು ಪದದಿಂದಲೂ ಕರೆಯಬೇಕಾದ ಭಾಷೆ ಅದು. ಎದುರಿಗಿರುವವರ ವಯಸ್ಸನ್ನು ಅಳೆಯದೆ ಅಲ್ಲಿ ಮಾತನ್ನೇ ಆರಂಭಿಸಲಾಗುವುದಿಲ್ಲವಂತೆ. ಅಪ್ಪನಿಗೆ ಇದು ಹಿಡಿಸಿತು. ಅಲ್ಲಿಂದ ಮುಂದೆ ಅವರು ಅವಳನ್ನು ‘ಏನಮ್ಮಾ’ ಎಂದೇ ಕನ್ನಡದಲ್ಲಿ ಕರೆಯತೊಡಗಿದರು, ಅವಳು ತಿರುಗಿಯೂ ನೋಡುತ್ತಿದ್ದಳು.

ಅರ್ಧ ದಿನದಲ್ಲಿ ಏನನ್ನು ನೋಡಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದೇ ಮುಖ್ಯ. ಮುದ್ರಿಸಿದ ಪಟ್ಟಿಯಲ್ಲಿ ಅರಮನೆ, ಥಿಯೆನ್ ಮು ವಿಹಾರ, ಹಳೆಯ ತೋಟದ ಮನೆ, ಮಾರುಕಟ್ಟೆ, ದೋಣಿ ಎಂದು ಐದು ಇದ್ದವು. ತೋಟದ ಮನೆಯನ್ನೂ ಮಾರುಕಟ್ಟೆಯನ್ನೂ ಕಾರಿನಲ್ಲಿ ಕುಳಿತೇ ಹೊಡೆದುಹಾಕಿದೆವು. ಆಮೇಲೆ ಇದಕ್ಕಾಗಿ ಒಮ್ಮೆಯೂ ಮರುಗಲಿಲ್ಲ.

ಹ್ವೇಯ ಕೋಟೆ ಹೊರಗಿನಿಂದ ಎತ್ತರವಾಗಿ ಕಾಣುವುದಿಲ್ಲ. ಚಿತ್ರದುರ್ಗವನ್ನು ನೋಡಿದ ಕಣ್ಣಿಗೆ ಇದೇನು ಕೋಟೆ ಎನ್ನಿಸಬಹುದು. 1802ರಲ್ಲಿ ದೇಶವನ್ನು ಒಂದುಗೂಡಿಸಿ ಙುಯೆನ್ ವಂಶದ ಮೊದಲ ಚಕ್ರವರ್ತಿಯಾದ ಜಿಯಾ ಲಾಂಗ್ ಇದನ್ನು ಆರಂಭಿಸಿದ. ಅವನ ಮಗ ಮಿನ್ ಮಾಂಗನ ಕಾಲದಲ್ಲಿ, 1832ರಲ್ಲಿ ಕೆಲಸ ಮುಗಿಯಿತು. ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನನ ಪದ್ಧತಿಯಲ್ಲಿ, ಫಿರಂಗಿಯ ಗುಂಡನ್ನು ತಡೆಯುವಂತೆ ಗೋಡೆಯನ್ನು ತಗ್ಗಾಗಿ ಮತ್ತು ದಪ್ಪವಾಗಿ ಕಟ್ಟಿ, ಮೂಲೆಮೂಲೆಗೂ ಮುಂಚಾಚಿದ ಕೊತ್ತಲಗಳನ್ನು ಇಟ್ಟಿದ್ದಾರೆ. ಸುತ್ತಳತೆ ಹತ್ತು ಕಿಲೋಮೀಟರ್, ಕೊತ್ತಲಗಳು 24, ಗೋಡೆಯ ದಪ್ಪ ಇಪ್ಪತ್ತು ಮೀಟರಿಗೂ ಹೆಚ್ಚು. ಎರಡು ಇಟ್ಟಿಗೆ ಗೋಡೆಗಳ ನಡುವೆ ಮಣ್ಣು ತುಂಬಿದ್ದಾರೆ. ಇಷ್ಟು ಕೇಳಿದ ಮೇಲೆ ಅಪ್ಪ ಕಾರಿನಿಂದ ಇಳಿದು ಕಂದಕದ ಅಂಚಿಗೆ ಹೋಗಿ, ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿದರು. ನದಿಯಿಂದಲೇ ಬಂದು ನದಿಗೇ ಸೇರುತ್ತದೆ, ಕೋಟೆಯೊಳಗೂ ಒಂದು ಕಾಲುವೆ ಹರಿಯುತ್ತದೆ ಎಂದು ತಿಳಿದಾಗ ಅವರ ಮುಖದಲ್ಲಿ ಕಂಡ ತೃಪ್ತಿ ಮುಂದೆ ಯಾವ ಸಿಂಹಾಸನದ ಎದುರೂ ಕಾಣಲಿಲ್ಲ.

ವಿನ್ಯಾಸ ಫ್ರೆಂಚರದಾದರೂ ಜಾಗದ ಆಯ್ಕೆ ಪೂರ್ತಿ ಪೂರ್ವದೇಶಗಳ ವಾಸ್ತುವಿನದು. ಎದುರಿನ ಙು ಬಿನ್ ಗುಡ್ಡ ಅರಮನೆಗೆ ಮರೆಯ ತಟ್ಟಿಯಂತೆ. ನದಿಯ ನಡುವಿನ ಎರಡು ನಡುಗಡ್ಡೆಗಳಲ್ಲಿ ಒಂದು ಎಡಕ್ಕೆ ಕಾಯುವ ನೀಲಿ ಡ್ರ್ಯಾಗನ್, ಇನ್ನೊಂದು ಬಲಕ್ಕೆ ಕಾಯುವ ಬಿಳಿ ಹುಲಿ.

ಕೋಟೆಯೊಳಗೆ ಅರಮನೆಯ ಆವರಣ, ಅದರೊಳಗೆ ರಾಜಪರಿವಾರದ ನೇರಿಳೆ ನಿಷಿದ್ಧ ನಗರ, ಹೀಗೆ ಪೆಟ್ಟಿಗೆಯೊಳಗೆ ಪೆಟ್ಟಿಗೆ. ನಾವು ಹೋದಾಗ ಪ್ರವೇಶಕ್ಕೆ ತಲೆಗೆ ಎರಡು ಲಕ್ಷ ಡಾಂಗ್ ಇತ್ತು. ರೂಪಾಯಿಗೆ ಮುನ್ನೂರು ಡಾಂಗಿನಷ್ಟು ಸಿಗುವುದರಿಂದ ಗಾಬರಿಯಾಗಬೇಕಿಲ್ಲ. ಒಳಹೋಗುವುದು ‘ಙೋ ಮೋನ್’ ಎಂಬ ಮಧ್ಯಾಹ್ನದ ಬಾಗಿಲಿನಿಂದ. ಈ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಓದಿ ನಾಲಗೆ ತಿರುಚಿಕೊಳ್ಳುತ್ತಿದ್ದ ಪ್ರವಾಸಿಗರ ನಡುವೆ ಅಪ್ಪ ಮೊದಲ ಸಲಕ್ಕೇ ಸರಿಯಾಗಿ ಉಚ್ಚರಿಸಿ, ಶಾಲೆಯಲ್ಲಿ ಬರೆದು ಬರೆದು ಎಲ್ಲಿಯೂ ಬಳಸದೆ ಬಿಟ್ಟಿದ್ದ ‘ಙ’ ಅಕ್ಷರ ಎಪ್ಪತ್ತು ದಾಟಿದ ಮೇಲೆ ಕೆಲಸಕ್ಕೆ ಬಂತೆಂದು ಹೆಮ್ಮೆಪಟ್ಟರು.

1833ರಲ್ಲಿ ಕಟ್ಟಿದ ಈ ಮಹಾದ್ವಾರಕ್ಕೆ ಐದು ಕಂಡಿಗಳು: ನಡುವಿನದು ಚಕ್ರವರ್ತಿಗೆ ಮಾತ್ರ, ಅದರ ಎರಡು ಪಕ್ಕದವು ಅಧಿಕಾರಿಗಳಿಗೆ, ತುದಿಯ ಎರಡು ಸೈನಿಕರಿಗೂ ಆನೆ ಕುದುರೆಗಳಿಗೂ. ಟಿಕೆಟ್ ಕೊಂಡವರನ್ನು ಪಕ್ಕದ ಕಂಡಿಯಿಂದಲೇ ಬಿಡುತ್ತಾರೆ. 143 ವರ್ಷ ಆಳಿದ ಹದಿಮೂರು ಚಕ್ರವರ್ತಿಗಳ ವಂಶ ಮುಗಿದದ್ದೂ ಈ ಬಾಗಿಲಿನ ಮೇಲೆಯೇ. 1945ರ ಆಗಸ್ಟ್ 30ರಂದು ಕೊನೆಯ ಚಕ್ರವರ್ತಿ ಬಾವ್ ಡಾಯ್ ಇಲ್ಲಿ ನಿಂತು ಪದತ್ಯಾಗದ ಘೋಷಣೆಯನ್ನು ಓದಿ, ರಾಜಮುದ್ರೆಯನ್ನೂ ಖಡ್ಗವನ್ನೂ ಹೊಸ ಸರ್ಕಾರದ ಪ್ರತಿನಿಧಿಗಳ ಕೈಗಿತ್ತ. ಎದುರಿಗಿರುವ ಧ್ವಜಸ್ತಂಭದ ಮೇಲೆ 1968ರಲ್ಲಿ, ಕಮ್ಯುನಿಸ್ಟ್ ಪಡೆಗಳು ಹೊಸ ವರ್ಷದ ಹಬ್ಬದ ದಿನ ದಾಳಿ ಮಾಡಿ ಊರನ್ನು ಹಿಡಿದಾಗ, ಅವರ ಬಾವುಟ ಇಪ್ಪತ್ತೈದು ದಿನ ಹಾರಿತು. ಅದನ್ನು ಇಳಿಸುವಷ್ಟರಲ್ಲಿ ಒಳಗಿನ ಬಹುಪಾಲು ಕಟ್ಟಡಗಳು ಉಳಿದಿರಲಿಲ್ಲ.

ದ್ವಾರ ದಾಟಿದರೆ ಕಲ್ಲುಹಾಸಿನ ದೊಡ್ಡ ಅಂಗಳ. ಎರಡೂ ಬದಿಗೆ ಸಾಲಾಗಿ ನಿಂತ ಮೊಳಕಾಲೆತ್ತರದ ಕಲ್ಲುಗಳು, ಯಾವ ದರ್ಜೆಯ ಅಧಿಕಾರಿ ಎಲ್ಲಿ ನಿಲ್ಲಬೇಕೆಂಬುದನ್ನು ತೋರಿಸುತ್ತವೆ. ಒಂದು ಕಡೆ ಆಡಳಿತದವರು, ಇನ್ನೊಂದು ಕಡೆ ಸೇನೆಯವರು, ಒಂಬತ್ತು ದರ್ಜೆಗಳು. ಅಪ್ಪ ತಮ್ಮ ಸೇವಾವಧಿಯನ್ನು ಲೆಕ್ಕ ಹಾಕಿ ಆರನೆಯ ಕಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಎದುರಿಗಿರುವ ಥಾಯ್ ಹ್ವಾ ಅರಮನೆಯಲ್ಲಿ ಕೆಂಪು ಮೆರುಗಿನ ಮೇಲೆ ಚಿನ್ನದ ಬಣ್ಣದ ಡ್ರ್ಯಾಗನ್‌ಗಳು ಸುತ್ತಿಕೊಂಡ ಎಂಬತ್ತು ಮರದ ಕಂಬಗಳಿವೆ. ಮೂರು ವರ್ಷ ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ಜೋಡಿಸಿ 2024ರ ನವೆಂಬರಿನಲ್ಲಷ್ಟೇ ಬಾಗಿಲು ತೆರೆದಿದ್ದರು. ಬಣ್ಣ ಇನ್ನೂ ಹಸಿಯಿದ್ದಂತೆ ಹೊಳೆಯುತ್ತಿತ್ತು. ‘ಹೊಸದು’ ಎಂದು ಅಪ್ಪ ತೀರ್ಪು ಕೊಟ್ಟರು. ಕಂಬ ಹೊಸ ಬಣ್ಣದ್ದಾದರೂ ಸಿಂಹಾಸನ ನಿಜವಾಗಿಯೂ ಹಳೆಯದು, ಅದು ರಾಷ್ಟ್ರೀಯ ನಿಧಿ ಎಂದು ಹುಡುಗಿ ವಾದಿಸಿದಳು. ನಾವು ಮರಳಿ ಬಂದ ಮೂರು ತಿಂಗಳಿಗೆ, ಮೇ ಕೊನೆಯಲ್ಲಿ, ಸಂದರ್ಶಕನೊಬ್ಬ ಕಟಾಂಜನ ದಾಟಿ ಸಿಂಹಾಸನದ ಮೇಲೇರಿ ಅದರ ಎಡಗೈಯನ್ನು ಮುರಿದನೆಂಬ ಸುದ್ದಿ ಬಂದಾಗ ಅಪ್ಪ ಪತ್ರಿಕೆಯಿಂದ ತಲೆಯೆತ್ತಿ, ‘ನೋಡು, ಆ ಹುಡುಗಿಯ ವಾದ ಬಿದ್ದುಹೋಯಿತು’ ಎಂದು ನಿಜವಾಗಿಯೂ ಬೇಸರಪಟ್ಟುಕೊಂಡರು.

ಅಲ್ಲಿಂದ ಹಿಂದಕ್ಕೆ ಬಯಲೇ ಹೆಚ್ಚು. ಚಕ್ರವರ್ತಿ ಆಡಳಿತದ ಕೆಲಸ ನಡೆಸುತ್ತಿದ್ದ ಕಾನ್ ಚಾನ್ ಅರಮನೆಯಲ್ಲಿ ನಮಗೆ ಕಂಡದ್ದು ಬರಿಯ ಜಗತಿ. ಫ್ರೆಂಚರ ವಿರುದ್ಧದ ಯುದ್ಧದಲ್ಲಿ, 1947ರಲ್ಲಿ, ಮೇಲಿನದೆಲ್ಲ ಸುಟ್ಟುಹೋಯಿತು. ಮಳೆ ಸಣ್ಣಗೆ ಹನಿಯುತ್ತಿತ್ತು, ಜಗತಿಯ ಸಂದುಗಳಲ್ಲಿ ಹುಲ್ಲು ಬೆಳೆದಿತ್ತು. ನನಗೆ ಆ ಬಯಲಿನಲ್ಲಿ ನಡೆಯುವುದೇ ಹೆಚ್ಚು ಇಷ್ಟವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಹಂಪೆಯನ್ನು ಕಂಡು ಬೆಳೆದವರಿಗೆ ಬರಿಯ ಜಗತಿಯ ಮೇಲೆ ಅರಮನೆಯನ್ನು ಕಲ್ಪಿಸಿಕೊಳ್ಳುವುದು ರೂಢಿಯಾಗಿರುತ್ತದೆ. ಆದರೆ ಬಯಲಿನ ತುದಿಯಲ್ಲಿ ಹಳದಿ ಗೋಡೆ, ಬಣ್ಣದ ಪಿಂಗಾಣಿ ಚೂರುಗಳ ಅಲಂಕಾರದಿಂದ ಮಿರುಗುವ ಕಿಯೆನ್ ಚುಂಗ್ ಅರಮನೆ ನಿಂತಿದೆ. ಚಕ್ರವರ್ತಿ ಖಾಯ್ ಡಿನ್ 1921ರಿಂದ 1923ರವರೆಗೆ ಯುರೋಪಿನ ಮಾದರಿಯನ್ನು ಬೆರೆಸಿ ಕಟ್ಟಿಸಿದ ಈ ಕಟ್ಟಡವೂ 1947ರ ಹೊತ್ತಿಗೆ ನೆಲಸಮವಾಗಿತ್ತು. ಈಗಿನದು 2024ರ ಹೊಸ ವರ್ಷಕ್ಕೆ ತೆರೆದದ್ದು. ಹಳೆಯ ಫೋಟೋಗಳನ್ನೂ ಉಳಿದ ಅಡಿಪಾಯವನ್ನೂ ನೋಡಿ ಪೂರ್ತಿಯಾಗಿ ಮರಳಿ ಕಟ್ಟಿದ್ದಾರೆ. ಇದನ್ನು ಒಪ್ಪಬೇಕೋ ಬೇಡವೋ ಎಂದು ನಾನೂ ಅಪ್ಪನೂ ಸಣ್ಣಗೆ ಜಗಳವಾಡಿದೆವು. ನನಗೆ ಇದು ಸಿನಿಮಾ ಸೆಟ್ಟಿನಂತೆ ಕಂಡಿತು. ಹಳೆಯದು ಹೊಸದು ಎಂದು ಬೆಳಗಿನಿಂದ ತೀರ್ಪು ಕೊಡುತ್ತಿದ್ದ ಅಪ್ಪ ಮಾತ್ರ ಇಲ್ಲಿ ಪಕ್ಷ ಬದಲಿಸಿ, ಗಾರೆ ಕೆಲಸದವರಿಗೂ ಪಿಂಗಾಣಿ ಕೂರಿಸುವವರಿಗೂ ನಾಲ್ಕು ವರ್ಷ ಕೆಲಸ ಸಿಕ್ಕಿತಲ್ಲ, ಆ ಕೈಗಳು ಕಲಿತದ್ದು ಹಳೆಯದೇ ತಾನೇ ಎಂದರು. ಹುಡುಗಿಯನ್ನು ಕೇಳಿದಾಗ, ತಾನು ಶಾಲೆಗೆ ಹೋಗುತ್ತಿದ್ದಾಗ ಇಲ್ಲಿ ಮೆಟ್ಟಿಲುಗಳು ಮಾತ್ರ ಇದ್ದವೆಂದೂ, ಗೆಳತಿಯರ ಜೊತೆ ಅವುಗಳ ಮೇಲೆ ಕುಳಿತು ಹುರಿಗಡಲೆಯಂಥದ್ದೇನನ್ನೋ ತಿನ್ನುತ್ತಿದ್ದೆನೆಂದೂ ಹೇಳಿ ಸುಮ್ಮನಾದಳು.

ಅಂದಿನ ಅರ್ಧ ದಿನದಲ್ಲಿ ನಾವು ಅತಿ ಹೆಚ್ಚು ಹೊತ್ತು ನಿಂತದ್ದು ಪಶ್ಚಿಮದ ಮೂಲೆಯಲ್ಲಿರುವ ಥೇ ಮಿಯೆವ್ ಎಂಬ ಪಿತೃಮಂದಿರದ ಅಂಗಳದಲ್ಲಿ. ಒಳಗೆ ಹತ್ತು ಚಕ್ರವರ್ತಿಗಳ ಪೀಠಗಳಿವೆ. ಮೊದಲು ಏಳೇ ಇದ್ದವು. ಫ್ರೆಂಚರನ್ನು ಎದುರಿಸಿ ಅಲ್ಜೀರಿಯಾಕ್ಕೂ ರಿಯೂನಿಯನ್ ದ್ವೀಪಕ್ಕೂ ಗಡೀಪಾರಾದ ಹಾಮ್ ಙಿ, ಥಾನ್ ಥಾಯ್, ಜುಯ್ ತಾನ್ ಎಂಬ ಮೂವರಿಗೆ ಜಾಗ ಸಿಕ್ಕಿದ್ದು ಫ್ರೆಂಚರು ಹೋದ ಮೇಲೆ, 1959ರಲ್ಲಿ. ಹಿಂದೆ ಈ ಮಂದಿರದ ಪೂಜೆಗೆ ಹೆಂಗಸರು ಬರುವಂತಿರಲಿಲ್ಲ, ಪಟ್ಟದ ರಾಣಿಯೂ ಸೇರಿದಂತೆ. ಇದನ್ನು ಹೇಳುವಾಗ ಹುಡುಗಿಯೂ ನಾನೂ ಹೊಸ್ತಿಲಿನ ಒಳಗಡೆಯೇ ನಿಂತಿದ್ದೆವು.

ಮಂದಿರದ ಎದುರಿಗೆ ಒಂಬತ್ತು ಕಂಚಿನ ಕೊಪ್ಪರಿಗೆಗಳು ಸಾಲಾಗಿ ನಿಂತಿವೆ. ಮಿನ್ ಮಾಂಗ್ 1835ರಿಂದ 1837ರವರೆಗೆ ಎರಕ ಹೊಯ್ಸಿದ ಇವು ಒಂದೊಂದೂ ಎರಡು ಟನ್ನಿನ ಆಸುಪಾಸು ತೂಗುತ್ತವೆ. ಜಿಯಾ ಲಾಂಗನಿಗೆ ಮೀಸಲಾದ ‘ಕಾವ್’ ಎಂಬುದು ಸಾಲಿನಿಂದ ಮೂರು ಹೆಜ್ಜೆ ಮುಂದಿದೆ. ಪ್ರತಿಯೊಂದರ ಮೈಮೇಲೂ ಉಬ್ಬುಚಿತ್ರಗಳು. ದೇಶದಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿ ಕಂಚಿನಲ್ಲಿ ಬರೆದಂತೆ ನದಿ, ಬೆಟ್ಟ, ಕಾಲುವೆ, ಹಡಗು, ಫಿರಂಗಿ, ಹಕ್ಕಿ, ಮೀನು, ಧಾನ್ಯ. ನಾವು ಬೆರಳಿಟ್ಟು ಓದದೆ, ಕಣ್ಣಿನಿಂದಲೇ ಹುಡುಕಿದೆವು. ಕಾವ್ ಕೊಪ್ಪರಿಗೆಯ ಮೇಲೆ ಸೂರ್ಯನ ಜೊತೆಗೆ ಹುಲಿ, ಭತ್ತ, ಅಗರು ಮರ ಮತ್ತು ಹಲಸಿನ ಮರ ಸಿಕ್ಕವು. ಎರಡನೆಯದರ ಮೇಲೆ ಚಂದ್ರ, ನವಿಲು, ತಾವರೆ ಮತ್ತು ಹೊರಗೆ ಹರಿಯುತ್ತಿದ್ದ ಇದೇ ನದಿ. ರಾಜನೊಬ್ಬ ತನ್ನ ತಂದೆಯ ಹೆಸರಿನ ಕಂಚಿನ ಮೇಲೆ ಹಲಸಿನ ಮರವನ್ನು ಬಿಡಿಸಬೇಕೆಂದು ನೆನೆದನಲ್ಲ ಎಂಬ ಒಂದೇ ಕಾರಣಕ್ಕೆ ಮಿನ್ ಮಾಂಗನ ಮೇಲೆ ನನಗೆ ಪ್ರೀತಿ ಹುಟ್ಟಿತು. ಈ ಉಬ್ಬುಚಿತ್ರಗಳನ್ನು ಯುನೆಸ್ಕೊ 2024ರಲ್ಲಿ ಏಷ್ಯಾ ಪೆಸಿಫಿಕ್ ವಲಯದ ದಾಖಲೆ ಪರಂಪರೆಯ ಪಟ್ಟಿಗೆ ಸೇರಿಸಿದೆ. ಸುತ್ತಲಿನದೆಲ್ಲ ಎರಡು ಯುದ್ಧಗಳಲ್ಲಿ ಉರಿದಾಗಲೂ ಇವು ನಿಂತಲ್ಲಿಯೇ ನಿಂತಿವೆ. ಅಪ್ಪ ಸುತ್ತು ಬಂದು, ಕಾಲುಗಳ ಬುಡವನ್ನು ಬಗ್ಗಿ ನೋಡಿ, ‘ಇದು ಹಳೆಯದು’ ಎಂದರು. ಬೆಳಗಿನಿಂದ ಅವರು ಕೊಟ್ಟ ಮೊದಲ ಪ್ರಮಾಣಪತ್ರ ಅದು.

ಹನ್ನೊಂದಕ್ಕೆ ಕಾರು ಹತ್ತಿ ನದಿಯ ಎಡದಂಡೆಯಲ್ಲಿ ಪಶ್ಚಿಮಕ್ಕೆ ನಾಲ್ಕೈದು ಕಿಲೋಮೀಟರ್ ಹೋದರೆ ಥಿಯೆನ್ ಮು ವಿಹಾರ. ಈ ದಿಬ್ಬದ ಮೇಲೆ ಕೆಂಪು ಅಂಗಿ, ಹಸಿರು ಇಜಾರ ತೊಟ್ಟ ಮುದುಕಿಯೊಬ್ಬಳು ಕಾಣಿಸಿಕೊಂಡು, ಇಲ್ಲಿ ಗುಡಿ ಕಟ್ಟುವ ಒಡೆಯ ಬರುತ್ತಾನೆಂದು ಹೇಳಿ ಮಾಯವಾದಳಂತೆ. ಆ ಮಾತನ್ನು ಕೇಳಿದ ಙುಯೆನ್ ಹ್ವಾಂಗ್ ಎಂಬ ಪಾಳೆಯಗಾರ 1601ರಲ್ಲಿ ವಿಹಾರವನ್ನು ಸ್ಥಾಪಿಸಿದ. ಅವನ ಸಂತತಿಯವರೇ ಇನ್ನೂರು ವರ್ಷದ ಬಳಿಕ ಚಕ್ರವರ್ತಿಗಳಾದರು. ಏಳು ನೆಲೆಯ, ಎಂಟು ಮೂಲೆಯ, 21 ಮೀಟರ್ ಎತ್ತರದ ಗೋಪುರ 1844ರದು. ಪಕ್ಕದ ಮಂಟಪದಲ್ಲಿರುವ ಘಂಟೆಯನ್ನು 1710ರಲ್ಲಿ ಎರಕ ಹೊಯ್ದರು, ತೂಕ ಎರಡು ಟನ್ನಿಗೂ ಹೆಚ್ಚು.

ಎಲ್ಲರೂ ಗೋಪುರದ ಮುಂದೆ ಫೋಟೋ ತೆಗೆದುಕೊಂಡು ಹಿಂತಿರುಗುತ್ತಾರೆ. ಹಿಂದಿನ ಅಂಗಳದ ಕೊಠಡಿಯೊಂದರಲ್ಲಿ ತಿಳಿನೀಲಿ ಬಣ್ಣದ ಹಳೆಯ ಆಸ್ಟಿನ್ ಕಾರು ನಿಂತಿದೆ. ದಕ್ಷಿಣ ವಿಯೆಟ್ನಾಮ್ ಸರ್ಕಾರ ಬೌದ್ಧರ ಮೇಲೆ ನಡೆಸುತ್ತಿದ್ದ ದಬ್ಬಾಳಿಕೆಯನ್ನು ಪ್ರತಿಭಟಿಸಿ 1963ರ ಜೂನ್ 11ರಂದು ಸೈಗಾನಿನ ನಡುಬೀದಿಯಲ್ಲಿ ಪದ್ಮಾಸನ ಹಾಕಿ ಕುಳಿತು ಆತ್ಮಾಹುತಿ ಮಾಡಿಕೊಂಡ ಭಿಕ್ಷು ಥಿಕ್ ಕ್ವಾಂಗ್ ಡುಕ್ ಅಲ್ಲಿಗೆ ಬಂದದ್ದು ಇದೇ ಕಾರಿನಲ್ಲಿ. ಗೋಡೆಯ ಮೇಲೆ ಆ ಫೋಟೋ ಇದೆ; ಜ್ವಾಲೆಯ ಹಿಂದೆ, ಬಾನೆಟ್ ತೆರೆದು ನಿಂತಿರುವ ಕಾರೂ ಕಾಣುತ್ತದೆ. ಅಪ್ಪ ಇಲ್ಲಿ ತಮ್ಮ ಪ್ರಶ್ನೆ ಕೇಳಲಿಲ್ಲ.

ವಿಹಾರದ ಕೆಳಗಿನ ಕಟ್ಟೆಯಿಂದ ದೋಣಿ. ಎರಡು ಡ್ರ್ಯಾಗನ್ ತಲೆಗಳ, ಗಂಡ ಚುಕ್ಕಾಣಿ ಹಿಡಿದು ಹೆಂಡತಿ ಬೊಂಬೆ ಮತ್ತು ಕಸೂತಿ ಚಿತ್ರ ಮಾರುವ ದೋಣಿ. ಹಿಂದೆ ಇಂಥ ಕುಟುಂಬಗಳು ನೀರಿನ ಮೇಲೆಯೇ ಬದುಕುತ್ತಿದ್ದವು, ಈಗ ಸರ್ಕಾರ ಅವರನ್ನು ದಡದ ಮನೆಗಳಿಗೆ ಸಾಗಿಸಿದೆ. ಬೊಂಬೆಗಳನ್ನು ಕೊಳ್ಳದಿದ್ದರೂ ಆಕೆ ಮುನಿಸಿಕೊಳ್ಳಲಿಲ್ಲ, ಅಪ್ಪನಿಗೆ ಬೆನ್ನಿಗೊಂದು ದಿಂಬು ಕೊಟ್ಟಳು. ನದಿಯ ಹೆಸರು ಸೋಂಗ್ ಹುವೊಂಗ್, ಸುಗಂಧದ ಹೊಳೆ. ಮೇಲಣ ಕಾಡಿನ ಹೂಗಳು ಉದುರಿ ತೇಲಿ ಬರುವುದರಿಂದ ಈ ಹೆಸರೆಂದು ಕೆಲವರೂ, ಉಗಮದ ಬಂಡೆಗಳ ನಡುವೆ ಬೆಳೆಯುವ ಬಜೆಯ ಜಾತಿಯ ಬೇರಿನಿಂದ ನೀರಿಗೆ ಕಂಪು ಬರುತ್ತದೆಂದು ಕೆಲವರೂ ಹೇಳುತ್ತಾರೆ. ಎಳೆಗೂಸಿನ ನಾಲಗೆಗೆ ಬಜೆ ತೇಯ್ದು ಮುಟ್ಟಿಸುವ ಮನೆಯಿಂದ ಬಂದ ನನಗೆ ಎರಡನೆಯದೇ ಸರಿಯೆನ್ನಿಸಿತು.

ನಾವು ಕೆಳಮುಖವಾಗಿ ಬಂದೆವು. ಮೇಲಕ್ಕೆ ಹೋಗಿದ್ದರೆ ದಡದ ಗುಡ್ಡದ ಮೇಲೆ ಹೋನ್ ಚೆನ್ ಎಂಬ ದೇವಿಯ ಗುಡಿ ಸಿಗುತ್ತಿತ್ತು. ಅಲ್ಲಿಯ ದೇವಿ ಮೂಲತಃ ಚಾಮ್ ಜನರ ಪೋ ನಗರ್. ಸಂಸ್ಕೃತದಲ್ಲಿ ಶಾಸನ ಬರೆಸಿ ಶಿವನನ್ನು ಪೂಜಿಸುತ್ತಿದ್ದ ಚಂಪಾ ಅರಸರ ನೆಲ ಇದು. 1306ರಲ್ಲಿ ಚಂಪಾದ ಜಯ ಸಿಂಹವರ್ಮನ್ ವಿಯೆಟ್ ರಾಜಕುಮಾರಿ ಹುಯೆನ್ ಚಾನಳನ್ನು ವರಿಸಿ, ಕನ್ಯಾಶುಲ್ಕವಾಗಿ ಎರಡು ಸೀಮೆಗಳನ್ನು ಬಿಟ್ಟುಕೊಟ್ಟ. ಅವುಗಳಲ್ಲೊಂದಕ್ಕೆ ಇಟ್ಟ ‘ಹ್ವಾ’ ಎಂಬ ಹೆಸರೇ ಸವೆದು ಹ್ವೇ ಆಯಿತು.

ಚಾಂಗ್ ತಿಯೆನ್ ಸೇತುವೆಯ ಕೆಳಗೆ ನುಸುಳಿ ದೋಣಿ ನಿಂತದ್ದು ತ್ವಾ ಖಾಮ್ ಕಟ್ಟೆಯಲ್ಲಿ. ತ್ವಾ ಖಾಮ್ ಎಂದರೆ ಫ್ರೆಂಚ್ ರೆಸಿಡೆಂಟನ ಕಚೇರಿ. ಆ ಜಾಗದಲ್ಲಿ ಈಗ ಶಿಕ್ಷಕರ ಕಾಲೇಜಿದೆ. ಮೈಸೂರಿನ ಅರಮನೆಯಿಂದ ಸ್ವಲ್ಪ ದೂರದಲ್ಲಿ ಬ್ರಿಟಿಷ್ ರೆಸಿಡೆಂಟ್ ಕುಳಿತಿದ್ದಂತೆ ಇಲ್ಲಿಯೂ ನದಿಯ ಆಚೆಗೆ ರಾಜ, ಈಚೆಗೆ ರಾಜನನ್ನು ಆಳುವವನು. 1885ರ ಜುಲೈ 4ರ ರಾತ್ರಿ ರಾಜಪ್ರತಿನಿಧಿ ತೋನ್ ಥಾತ್ ಥುಯೆತ್ ಈ ಕಚೇರಿಯ ಮೇಲೆ ಫಿರಂಗಿ ಹಾರಿಸಿದ. ಬೆಳಗಾಗುವಷ್ಟರಲ್ಲಿ ಫ್ರೆಂಚರು ತಿರುಗಿ ಬಿದ್ದು ಕೋಟೆಯನ್ನು ಸೂರೆ ಮಾಡಿದರು. ಅಂದು ಸತ್ತವರಿಗಾಗಿ ಚಾಂದ್ರಮಾನದ ಐದನೆಯ ತಿಂಗಳ 23ರಂದು ಹ್ವೇಯ ಜನ ಈಗಲೂ ಮನೆಗಳ ಮುಂದೆ ಎಡೆ ಇಡುತ್ತಾರೆ. ಇಡೀ ಊರಿಗೊಂದೇ ಪಕ್ಷದ ಹಬ್ಬ. ಇದನ್ನು ಹೇಳಿ ಮುಗಿಸುವಾಗ ಗಂಟೆ ಒಂದಾಗಿತ್ತು, ಹುಡುಗಿ ಕೈಮುಗಿದು ಹೊರಟಳು. ಮಧ್ಯಾಹ್ನದ ಮಳೆ ಬಲವಾಗಿ ಹಿಡಿಯಿತು. ಅಪ್ಪ ಊಟ ಮಾಡಿ ಆರು ಗಂಟೆಯವರೆಗೆ ಮಲಗಿದರು.

ಮೂರನೆಯ ದಿನ

ಚಕ್ರವರ್ತಿಗಳ ಸಮಾಧಿಗಳನ್ನು ಹಿಂದಿನ ದಿನವೇ ತುರುಕಬಹುದಿತ್ತು, ಮಾಡದಿದ್ದದ್ದು ಒಳ್ಳೆಯದಾಯಿತು. ಬಾಡಿಗೆ ಕಾರಿನಲ್ಲಿ ಮೊದಲು ಹೋದದ್ದು ತು ಡುಕ್‌ನ ಸಮಾಧಿಗೆ. ಸಮಾಧಿ ಎನ್ನುವುದಕ್ಕಿಂತ ಕೊಳ, ಪೈನ್ ಮರಗಳು, ಮಂಟಪಗಳ ತೋಟ ಎನ್ನಬೇಕು. 1864ರಿಂದ 1867ರವರೆಗೆ ಕಟ್ಟಿಸಿ, ಸಾಯುವವರೆಗೆ ಹದಿನಾರು ವರ್ಷ ಅವನು ಇಲ್ಲಿಗೆ ಬಂದು ನೀರಿನ ಮೇಲಿನ ಮಂಟಪದಲ್ಲಿ ಪದ್ಯ ಬರೆಯುತ್ತಿದ್ದ. ಇಲ್ಲಿಯ ಪ್ರತಿ ಕಟ್ಟಡದ ಹೆಸರಿನಲ್ಲಿಯೂ ‘ಖಿಯೆಮ್’ ಎಂಬ ಪದವಿದೆ, ಅರ್ಥ ವಿನಯ. ಆದರೆ ಮೊದಲು ಇಟ್ಟ ಹೆಸರು ‘ಹತ್ತು ಸಾವಿರ ವರ್ಷ’ ಎಂದಿತ್ತು. ಕೆಲಸದ ಹೊರೆ ತಾಳಲಾರದ ಕೂಲಿಗಳು 1866ರಲ್ಲಿ ಸುಣ್ಣ ಕುಟ್ಟುವ ಒನಕೆಗಳನ್ನೇ ಹಿಡಿದು ಅರಮನೆಗೆ ನುಗ್ಗಿದ ಮೇಲೆ ವಿನಯ ಬಂತು. ಸೈನಿಕರ ಮೂಳೆಯಿಂದ ಗೋಡೆ, ಜನರ ನೆತ್ತರಿನಿಂದ ಕಂದಕ ಎಂದು ಜನಪದರು ಹಾಡಿಕೊಂಡರಂತೆ. ಮಕ್ಕಳಿಲ್ಲದ ತು ಡುಕ್ ತನ್ನ ಶಾಸನವನ್ನು ತಾನೇ ಬರೆದ. ತನ್ನ ತಪ್ಪುಗಳನ್ನೂ ಒಪ್ಪಿಕೊಂಡ ಆ ಬರಹ ಸುಮಾರು ಐದು ಸಾವಿರ ಅಕ್ಷರಗಳದ್ದು, ಕಲ್ಲಿನ ತೂಕ ಇಪ್ಪತ್ತು ಟನ್. ಉತ್ತರದ ಥಾನ್ ಹ್ವಾದಿಂದ ಆ ಒಂದೇ ಕಲ್ಲನ್ನು ಹೇಗೆ ತಂದರೆಂಬ ಯೋಚನೆಯಲ್ಲಿ ಅಪ್ಪ ಅರ್ಧ ಗಂಟೆ ಕಳೆದರು.

ಖಾಯ್ ಡಿನ್ ಸಮಾಧಿಗೆ 127 ಮೆಟ್ಟಿಲು. ಅಪ್ಪನನ್ನು ಕೆಳಗೆ ಕೂರಿಸಿ ಬರುವ ಯೋಚನೆ ನನ್ನದು. ಇಡೀ ಕಟ್ಟಡ ಕಾಂಕ್ರೀಟಿನದು, 1920ರಲ್ಲಿ ಶುರುವಾಗಿ 1931ರವರೆಗೆ ನಡೆದದ್ದು, ಕಬ್ಬಿಣ ಸಿಮೆಂಟು ಫ್ರಾನ್ಸಿನಿಂದ ಬಂದದ್ದು ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಅಪ್ಪ ನಾಲ್ಕು ಕಡೆ ನಿಂತು, ಪಕ್ಕದ ಕಟಾಂಜನ ಹಿಡಿದು ಹತ್ತಿದರು. ಹೊರಗೆ ಮಳೆಗೆ ಕಪ್ಪಾದ ಸಿಮೆಂಟು, ಒಳಗೆ ಗೋಡೆಯಿಂದ ಸೂರಿನವರೆಗೆ ಗಾಜು ಮತ್ತು ಪಿಂಗಾಣಿ ಚೂರುಗಳ ಚಿತ್ತಾರ. ರಾಜನ ಕಂಚಿನ ಪ್ರತಿಮೆಯ ಮೇಲೆ ರೇಷ್ಮೆಯಂತೆ ನೆರಿಗೆಯಾಗಿ ಇಳಿಬಿದ್ದಿರುವ ಛತ್ರವೂ ಕಾಂಕ್ರೀಟೇ. ಇದಕ್ಕಾಗಿ ತೆರಿಗೆಯನ್ನು ನೂರಕ್ಕೆ ಮೂವತ್ತರಂತೆ ಏರಿಸಿದನೆಂದು ಹೇಳುತ್ತಾರೆ. ನನಗೆ ಕಣ್ಣು ಕುಕ್ಕಿತು. ಅಪ್ಪ ಮಾತ್ರ ಮೂಲೆಯಲ್ಲಿ ಬಿರುಕೇನಾದರೂ ಇದೆಯೇ ಎಂದು ಹುಡುಕಿ, ಸಿಗದೆ, ‘ಒಳ್ಳೆಯ ಕೆಲಸ, ಕೆಟ್ಟ ಖರ್ಚು’ ಎಂದು ಇಲಾಖೆಯ ಭಾಷೆಯಲ್ಲಿ ಷರಾ ಬರೆದರು.

ಮರಳುವ ದಾರಿಯಲ್ಲಿ ಥುಯ್ ಸುವಾನ್ ಎಂಬ ಊದುಬತ್ತಿಯ ಬೀದಿ. ಕೆಂಪು, ಹಳದಿ, ನೇರಿಳೆ ಬಣ್ಣ ಹಾಕಿದ ಬಿದಿರುಕಡ್ಡಿಗಳ ಕಟ್ಟುಗಳನ್ನು ಹೂವಿನಂತೆ ಅರಳಿಸಿ ರಸ್ತೆಯ ಅಂಚಿನಲ್ಲಿ ನಿಲ್ಲಿಸಿದ್ದಾರೆ, ಬಹುಪಾಲು ಫೋಟೋ ತೆಗೆಯುವವರಿಗಾಗಿ. ಒಳಗೆ ಒಬ್ಬ ಹೆಂಗಸು ಮಣೆಯ ಮೇಲೆ ಮಸಾಲೆಯನ್ನು ಕಡ್ಡಿಗೆ ಹೊಸೆಯುತ್ತಿದ್ದಳು. ನಮ್ಮ ಕೇರಿಯ ಹೆಂಗಸರು ಮೊರದ ಮುಂದೆ ಕುಳಿತು ಹೊಸೆಯುತ್ತಿದ್ದ ಕೈಬೀಸೇ ಅದು. ಭಾರತದ ಊದುಬತ್ತಿಗೆ ಬಿದಿರುಕಡ್ಡಿ ಬಹುಕಾಲ ಇದೇ ದೇಶದಿಂದ ಬರುತ್ತಿತ್ತು. 2019ರಲ್ಲಿ ಸರ್ಕಾರ ಊದುಬತ್ತಿಯ ಆಮದಿಗೆ ನಿರ್ಬಂಧ ಹಾಕಿ, ಮರುವರ್ಷ ಕಡ್ಡಿಯ ಮೇಲಿನ ಸುಂಕವನ್ನು ಶೇಕಡಾ 10ರಿಂದ 25ಕ್ಕೆ ಏರಿಸಿತು. ಇದನ್ನು ಆ ಹೆಂಗಸಿಗೆ ಹೇಗೆ ವಿವರಿಸುವುದೆಂದು ತಿಳಿಯದೆ, ಅಗರಿನ ಪುಡಿ ಬೆರೆಸಿದ್ದೆಂದು ಆಕೆ ತೋರಿಸಿದ ಒಂದು ಕಟ್ಟನ್ನು ಕೊಂಡೆ. ಮೈಸೂರಿಗೆ ಊದುಬತ್ತಿ ಹೊತ್ತುಕೊಂಡು ಹೋಗುವವರನ್ನು ಇದೇ ಮೊದಲು ನೋಡುತ್ತಿದ್ದೇನೆಂದು ಅಪ್ಪ ಕಾರಿನುದ್ದಕ್ಕೂ ಗೊಣಗಿದರು.

ಹನೋಯಿಗೆ ಹೋಗುವ ರಾತ್ರಿ ರೈಲು ಹಿಡಿಯಲು ನಿಲ್ದಾಣದಲ್ಲಿ ಕುಳಿತಿದ್ದಾಗ ಅವರೇ ಆ ಕಟ್ಟನ್ನು ಚೀಲದಿಂದ ತೆಗೆದು ಮೂಗಿಗೆ ಹಿಡಿದು, ಬಟ್ಟೆಗಳ ನಡುವೆ ಮುರಿಯದಂತೆ ಮತ್ತೆ ಇಟ್ಟರು.